ಏರ್‌ಪೋರ್ಟ್ ಊಟದ ಮೇಲಿನ ಅಪವಾದ

ವಿದೇಶಕ್ಕೆ ಹೊರಟವರ ಹೊಟ್ಟೆಗೂ ಏರ್‌ಪೋರ್ಟಿನ ಹೋಟೆಲಿಗೂ ಹಳೇ ಜಗಳ. ಲಗೇಜು ಒಪ್ಪಿಸಿ, ಇಮಿಗ್ರೇಷನ್ ಸಾಲು ದಾಟಿ, ಸೆಕ್ಯುರಿಟಿಯವರ ಮುಂದೆ ಬೆಲ್ಟು ಬಿಚ್ಚಿ ಮತ್ತೆ ಕಟ್ಟಿಕೊಂಡು ಒಳಗೆ ಬಂದರೆ ಕೈಯಲ್ಲಿ ಇನ್ನೂ ಎರಡು ಗಂಟೆ ಉಳಿದಿರುತ್ತದೆ. ಕುರ್ಚಿ ಎಳೆದು ಕೂತು, ಮೆನುವಿನಲ್ಲಿ ದೋಸೆಯ ಬೆಲೆ ನೋಡಿ ಬೆಚ್ಚಿ, ‘ಇನ್ನು ಸಿಗೋದು ವಿಮಾನದ ಊಟ ತಾನೇ’ ಎಂದು ಸಮಾಧಾನ ಹೇಳಿಕೊಂಡು ತಿನ್ನುತ್ತೇವೆ. ವಿಮಾನ ಏರಿ ಅರ್ಧ ಗಂಟೆ ಆಗಿರುವುದಿಲ್ಲ, ಅದೇ ಬೆಲ್ಟು ಹೊಟ್ಟೆಯನ್ನು ಒತ್ತತೊಡಗುತ್ತದೆ. ಎಡಪಕ್ಕೆಯ ಕೆಳಗೆ ಏನೋ ಹಿಡಿದಂತೆ, ಮೇಲೂ ಬಾರದೆ ಕೆಳಗೂ ಹೋಗದೆ ನಿಂತಂತೆ. ‘ಆ ಹೋಟೆಲಲ್ಲಿ ಏನು ಎಣ್ಣೆ ಹಾಕಿದ್ರೋ, ಗ್ಯಾಸ್ ಆಗ್ಹೋಯ್ತು’ ಎಂದು ಪಕ್ಕದವರಿಗೆ ಹೇಳಿ, ತಿಂದ ಸೆಟ್ ದೋಸೆಗೆ ಶಾಪ ಹಾಕಿ, ಸೀಟನ್ನು ಹಿಂದಕ್ಕೆ ತಳ್ಳುತ್ತೇವೆ.

ಬೆಲೆಯ ವಿಷಯದಲ್ಲಿ ಆ ಹೋಟೆಲಿನವರ ಪರ ವಾದಿಸುವುದು ನನ್ನಿಂದಾಗದು. ಹೊಟ್ಟೆಯುಬ್ಬರದ ವಿಷಯದಲ್ಲಿ ಮಾತ್ರ ಬಹುಪಾಲು ಅವರು ನಿರಪರಾಧಿಗಳು. ದೋಸೆ ಆಗಿನ್ನೂ ಜಠರದಲ್ಲೇ ಇದೆ. ಅದು ಅನಿಲವಾಗಿ ತೊಂದರೆ ಕೊಡಬೇಕಾದರೆ ಹಲವು ಗಂಟೆಗಳ ದಾರಿ ಸಾಗಬೇಕು. ಹಾಗಿದ್ದರೆ ಉಬ್ಬಿದ್ದು ಏನು? ಅದು ಅಷ್ಟು ಬೇಗ ಉಬ್ಬಿದ್ದು ಹೇಗೆ?

ಊಟಿಗೆ ಹೋದ ಚಿಪ್ಸ್ ಪೊಟ್ಟಣ

ಮೈಸೂರಿನಿಂದ ಊಟಿಗೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ. ಕೆಳಗೆ ಕೊಂಡಾಗ ಸಾಧಾರಣವಾಗಿದ್ದ ಚಿಪ್ಸ್ ಪೊಟ್ಟಣ ಘಾಟಿ ಹತ್ತಿ ಮುಗಿಯುವ ಹೊತ್ತಿಗೆ ಊದಿಕೊಂಡು ಬಿಗಿಯಾಗಿರುತ್ತದೆ. ಅದರೊಳಕ್ಕೆ ಯಾರೂ ಹೊಸದಾಗಿ ಗಾಳಿ ತುಂಬಿಲ್ಲ. ಹೊರಗಿನಿಂದ ಅದನ್ನು ಅದುಮುತ್ತಿದ್ದ ಗಾಳಿಯ ಭಾರ ಕಡಿಮೆಯಾಗಿದೆ, ಅಷ್ಟೇ.

ಗಾಳಿಗೆ ಭಾರವಿದೆ, ಅದೂ ನಾವು ಊಹಿಸದಷ್ಟು. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ನಿಂತಿರುವ ಗಾಳಿಯ ಕಂಬದ ತೂಕ ಹತ್ತು ಟನ್ನಿಗೂ ಸ್ವಲ್ಪ ಹೆಚ್ಚು. ಕಲ್ಯಾಣ ಮಂಟಪದ ಉಗ್ರಾಣದಲ್ಲಿ ಹತ್ತಿ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಮೇಲಿನ ಹಾಸಿಗೆ ಮೆತ್ತಗೆ ಉಬ್ಬಿಕೊಂಡಿರುತ್ತದೆ. ತಳದ್ದು ಉಳಿದೆಲ್ಲದರ ಭಾರಕ್ಕೆ ಚಪ್ಪಟೆಯಾಗಿರುತ್ತದೆ. ಆ ತಳದ ಹಾಸಿಗೆಯನ್ನೇ ಎಳೆದು ರಾಶಿಯ ಮೇಲೆ ಹಾಕಿದರೆ ಸ್ವಲ್ಪ ಹೊತ್ತಿಗೆಲ್ಲ ಉಸಿರು ಬಿಟ್ಟಂತೆ ಹಿಗ್ಗುತ್ತದೆ. ಕಡಲತೀರದ ಗಾಳಿ ತಳದ ಹಾಸಿಗೆ, ಊಟಿಯದು ಮೇಲಿನದು. ಪೊಟ್ಟಣದೊಳಗೆ ಸಿಕ್ಕಿಕೊಂಡ ಗಾಳಿ ತಳದಿಂದ ಮೇಲಕ್ಕೆ ಬಂದಿದೆ, ಹಿಗ್ಗಿದೆ.

1660ರಲ್ಲಿ ರಾಬರ್ಟ್ ಬಾಯ್ಲ್ ಗಾಳಿಯ ಈ ಹಿಗ್ಗುಗುಣದ ಬಗ್ಗೆ ಪುಸ್ತಕ ಬರೆದಾಗ ಅವನೂ ಇಂಥದ್ದೇ ಒಂದು ರಾಶಿಯನ್ನು ನೆನೆದಿದ್ದ. ಅವನದ್ದು ಕುರಿಯ ಉಣ್ಣೆಯ ರಾಶಿ. ಆದರೆ ನಮ್ಮ ವಿಷಯಕ್ಕೆ ಅವನ ಮಾತಿಗಿಂತ ಅವನು ಮಾಡಿ ತೋರಿಸಿದ್ದು ಹೆಚ್ಚು ಉಪಯುಕ್ತ. ರಾಬರ್ಟ್ ಹುಕ್ ನೆರವಿನಿಂದ ಕಟ್ಟಿದ ಗಾಳಿ ಹೀರುವ ಪಂಪಿಗೆ ದೊಡ್ಡದೊಂದು ಗಾಜಿನ ಬುರುಡೆ ಜೋಡಿಸಿದ್ದ. ಅದರೊಳಗೆ ಕುರಿಮರಿಯ ಒಣಗಿದ ಮೂತ್ರಕೋಶವೊಂದನ್ನು ಇಟ್ಟ. ಅದರಲ್ಲಿ ಅರ್ಧದಷ್ಟು ಗಾಳಿಯಿತ್ತು, ಬಾಯಿ ಬಿಗಿಯಾಗಿ ಕಟ್ಟಿತ್ತು. ಪಂಪು ಎಳೆದೆಳೆದಂತೆ ಬುರುಡೆಯೊಳಗಿನ ಗಾಳಿ ತೆಳುವಾಯಿತು, ಜೋಲುಬಿದ್ದಿದ್ದ ಮೂತ್ರಕೋಶ ತಾನಾಗಿ ಊದಿಕೊಂಡಿತು. ಗಾಳಿಯನ್ನು ಮತ್ತೆ ಒಳಕ್ಕೆ ಬಿಟ್ಟಾಗ ಮೊದಲಿನಂತೆ ಕುಗ್ಗಿತು. ಎರಡು ವರ್ಷಗಳ ಬಳಿಕ, 1662ರಲ್ಲಿ, ಒತ್ತಡ ಅರ್ಧವಾದರೆ ಗಾಳಿಯ ಗಾತ್ರ ಎರಡರಷ್ಟಾಗುತ್ತದೆ ಎಂಬ ಲೆಕ್ಕವನ್ನೂ ಕೊಟ್ಟ. ಶಾಲೆಯಲ್ಲಿ ಬಾಯ್ಲ್‌ನ ನಿಯಮ ಎಂದು ಉರುಹೊಡೆದವರು ಅದನ್ನು ಗಾಜಿನ ಕೊಳವೆಯ ಚಿತ್ರದೊಂದಿಗೆ ನೆನಪಿಟ್ಟಿರುತ್ತಾರೆ. ಕುರಿಮರಿಯ ಮೂತ್ರಕೋಶದ ಕಥೆ ಹೇಳಿಕೊಟ್ಟಿದ್ದರೆ ವಿಮಾನದಲ್ಲಿ ಕೂತಾಗಲೂ ನೆನಪಾಗುತ್ತಿತ್ತು.

ನಮ್ಮ ಕರುಳೂ ಅಂಥದ್ದೇ ಮೆತ್ತನೆಯ ಚೀಲ. ಅದರಲ್ಲಿ ಯಾವಾಗಲೂ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ.

ವಿಮಾನದೊಳಗೊಂದು ಬೆಟ್ಟ

ವಿಮಾನ ಹಾರುವುದು 35ರಿಂದ 40 ಸಾವಿರ ಅಡಿ ಎತ್ತರದಲ್ಲಿ. 38 ಸಾವಿರ ಅಡಿಯಲ್ಲಿ ಗಾಳಿಯ ಕಂಬದ ತೂಕ ಚದರ ಮೀಟರಿಗೆ ಎರಡು ಟನ್ನಿನ ಆಸುಪಾಸಿಗೆ ಇಳಿದಿರುತ್ತದೆ. ಆ ಗಾಳಿಯಲ್ಲಿ ಉಸಿರಾಡಿ ಬದುಕಲು ಆಗದು. ಅದಕ್ಕೇ ಹೊರಗಿನ ತೆಳುಗಾಳಿಯನ್ನು ಎಂಜಿನ್ನಿನಲ್ಲಿ ಒತ್ತಿ, ತಂಪು ಮಾಡಿ, ಒಳಕ್ಕೆ ತುಂಬುತ್ತಾರೆ. ವಿಮಾನದ ಹಿಂಭಾಗದಲ್ಲಿರುವ ಒಂದು ಬಾಗಿಲು, ಎಷ್ಟು ಗಾಳಿ ಹೊರಹೋಗಬೇಕೋ ಅಷ್ಟೇ ತೆರೆದುಕೊಂಡು ಒಳಗಿನ ಒತ್ತಡವನ್ನು ಕಾಯುತ್ತದೆ.

ಹಾಗಾದರೆ ನೆಲದ ಮೇಲಿದ್ದಷ್ಟೇ ಒತ್ತಡವನ್ನು ಒಳಗೂ ಇಟ್ಟುಬಿಡಬಹುದಲ್ಲ? ಇಡಬಹುದು, ಆದರೆ ವಿಮಾನದ ಮೈ ಆ ಬಿಗಿತವನ್ನು ಪ್ರತಿ ಹಾರಾಟದಲ್ಲೂ ತಾಳಬೇಕು. ಒಳಗೆ ಹತ್ತು ಟನ್, ಹೊರಗೆ ಎರಡು ಟನ್ ಎಂದರೆ ಪ್ರತಿ ಚದರ ಮೀಟರ್ ತಗಡನ್ನು ಎಂಟು ಟನ್ನಿನ ಬಲ ಹೊರಕ್ಕೆ ತಳ್ಳುತ್ತಿರುತ್ತದೆ. ಇಳಿದಾಗ ಆ ಬಲ ಮಾಯ, ಮತ್ತೆ ಏರಿದಾಗ ಹಾಜರು. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ, ಬಗ್ಗಿಸುತ್ತಲೇ ಇದ್ದರೆ ಮುರಿಯುತ್ತದೆ. ಲೋಹಕ್ಕೂ ಹೀಗೆ ದಣಿವಾಗುತ್ತದೆ.

ಈ ದಣಿವಿನ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1952ರ ಮೇ ತಿಂಗಳಲ್ಲಿ ಬ್ರಿಟನ್ನಿನ ಕಾಮೆಟ್ ಎಂಬ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು, ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವದು. ಎತ್ತರದಲ್ಲಿ, ಅಲುಗಾಟವಿಲ್ಲದೆ, ಹಿಂದಿನ ವಿಮಾನಗಳಿಗಿಂತ ಎಷ್ಟೋ ವೇಗವಾಗಿ ಹಾರುತ್ತಿತ್ತು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಇನ್ನೊಂದು, ಆಕಾಶದಲ್ಲೇ ಸಿಡಿದು ಸಮುದ್ರಕ್ಕೆ ಬಿದ್ದವು. ಕಾರಣ ಹುಡುಕಲು ಫಾರ್ನ್‌ಬರೋದ ಎಂಜಿನಿಯರ್‌ಗಳು ಮತ್ತೊಂದು ಕಾಮೆಟ್ಟನ್ನೇ ತಂದು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಳಗೆ ನೀರು ತುಂಬಿ ಒತ್ತಡ ಏರಿಸುವುದು, ಇಳಿಸುವುದು, ಮತ್ತೆ ಏರಿಸುವುದು. ಒಂದೊಂದು ಏರಿಳಿತವೂ ಒಂದೊಂದು ಹಾರಾಟಕ್ಕೆ ಸಮ. ಹೀಗೆ ಸಾವಿರಗಟ್ಟಲೆ ‘ಹಾರಾಟ’ಗಳಾದ ಮೇಲೆ ತೆರಪೊಂದರ ಮೂಲೆಯಿಂದ ಬಿರುಕು ಹೊರಟು ಮೈ ಸೀಳಿತು. ಗಾಳಿಯ ಬದಲು ನೀರು ತುಂಬಿದ್ದಕ್ಕೂ ಕಾರಣವಿತ್ತು: ಒತ್ತಿದ ಗಾಳಿ ಹಿಗ್ಗಿ ಬಾಂಬಿನಂತೆ ಸಿಡಿಯುತ್ತದೆ, ನೀರು ಹಿಗ್ಗುವುದಿಲ್ಲ. ಬಿರುಕು ಎಲ್ಲಿ ಹುಟ್ಟಿತೆಂದು ಕೂತು ನೋಡಬಹುದು.

ಹೀಗಾಗಿ ರಾಜಿಸೂತ್ರವೊಂದು ಬಳಕೆಗೆ ಬಂತು. ಹೊರಗೆ ಎಷ್ಟೇ ಎತ್ತರದಲ್ಲಿ ಹಾರಲಿ, ಒಳಗಿನ ಗಾಳಿ 8 ಸಾವಿರ ಅಡಿಯ ಬೆಟ್ಟದ ಮೇಲಿನ ಗಾಳಿಗಿಂತ ತೆಳುವಾಗಕೂಡದು. ಪೈಲಟ್‌ಗಳು ಇದನ್ನು ಕ್ಯಾಬಿನ್ ಆಲ್ಟಿಟ್ಯೂಡ್ ಅನ್ನುತ್ತಾರೆ, ನಾವು ಒಳ ಎತ್ತರ ಅನ್ನೋಣ. ಊಟಿ ಇರುವುದು ಸುಮಾರು 7,350 ಅಡಿಯಲ್ಲಿ. ಅಂದರೆ ಸೀಟಿನಲ್ಲಿ ಕಂಬಳಿ ಹೊದ್ದು ಸಿನಿಮಾ ನೋಡುತ್ತಿರುವ ಪ್ರಯಾಣಿಕ, ಗಾಳಿಯ ಮಟ್ಟಿಗೆ, ಊಟಿಗಿಂತ ಮೇಲೆ, ದೊಡ್ಡಬೆಟ್ಟದ ತುದಿಗಿಂತ ತುಸು ಕೆಳಗೆ ಕೂತಿದ್ದಾನೆ.

ಊಟಿಯಲ್ಲಿ ನಮ್ಮ ಹೊಟ್ಟೆ ಇಷ್ಟು ತಕರಾರು ಮಾಡುವುದಿಲ್ಲವಲ್ಲ ಎಂದು ಕೇಳಬಹುದು. ಊಟಿಗೆ ಬಸ್ಸು ನಿಧಾನವಾಗಿ ಗಂಟೆಗಟ್ಟಲೆ ಹತ್ತುತ್ತದೆ. ನಡುವೆ ಗುಂಡ್ಲುಪೇಟೆಯಲ್ಲಿ ಇಳಿದು ಓಡಾಡುತ್ತೇವೆ. ಹಿಗ್ಗಿದ ಗಾಳಿ ದಾರಿಯಲ್ಲೇ ತನ್ನ ದಾರಿ ನೋಡಿಕೊಳ್ಳುತ್ತದೆ. ವಿಮಾನ ಅದೇ ಎತ್ತರವನ್ನು ಇಪ್ಪತ್ತು ನಿಮಿಷದಲ್ಲಿ, ನಮ್ಮನ್ನು ಸೀಟಿಗೆ ಕಟ್ಟಿಹಾಕಿ, ಎರಡೂ ಬದಿಗೆ ಅಪರಿಚಿತರನ್ನು ಕೂರಿಸಿ ಹತ್ತಿಸುತ್ತದೆ.

ಬೆಂಗಳೂರಿನವರಿಗೆ ರಿಯಾಯಿತಿ

ಇಲ್ಲೊಂದು ಸ್ವಾರಸ್ಯವಿದೆ. ಎಷ್ಟು ಉಬ್ಬುತ್ತೇವೆ ಎಂಬುದು ಎಲ್ಲಿ ಮುಟ್ಟುತ್ತೇವೆ ಎನ್ನುವುದರ ಜೊತೆಗೆ ಎಲ್ಲಿಂದ ಹೊರಟೆವು ಎನ್ನುವುದನ್ನೂ ಅವಲಂಬಿಸಿದೆ. ಕೆಂಪೇಗೌಡ ವಿಮಾನ ನಿಲ್ದಾಣವೇ ಸುಮಾರು 3 ಸಾವಿರ ಅಡಿ ಎತ್ತರದಲ್ಲಿದೆ. ದೇವನಹಳ್ಳಿಯ ಆ ಹೋಟೆಲಿನಲ್ಲಿ ಕೂತಾಗಲೇ ನಮ್ಮ ಕರುಳಿನ ಗಾಳಿ ಕರಾವಳಿಯವರ ಗಾಳಿಗಿಂತ ಹಿಗ್ಗಿಕೊಂಡಿರುತ್ತದೆ, ಮತ್ತು ಆ ಹಿಗ್ಗಿಗೆ ನಾವು ಒಗ್ಗಿಕೊಂಡಿರುತ್ತೇವೆ. ಮಂಗಳೂರಿನಿಂದ ಹೊರಟವರು ಸುಮಾರು ಮುನ್ನೂರು ಅಡಿಯಿಂದ ಏರಬೇಕು.

ಆರೋಗ್ಯವಂತರ ಕರುಳಿನಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗಾಳಿ ಒಂದು ಲೋಟದಷ್ಟು, 200 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಹೊಟ್ಟೆಯೊಳಗಿನ ನೀರಾವಿಯ ಪಾಲನ್ನೂ ಲೆಕ್ಕಕ್ಕೆ ಹಿಡಿದರೆ, ಒಳ ಎತ್ತರ 8 ಸಾವಿರ ಅಡಿ ಮುಟ್ಟುವ ಹೊತ್ತಿಗೆ ಮಂಗಳೂರಿನವರ 200 ಸುಮಾರು 270 ಆಗುತ್ತದೆ. ಬೆಂಗಳೂರಿನವರದು 245ಕ್ಕೆ ನಿಲ್ಲುತ್ತದೆ. ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳ ಮೈಯನ್ನು ಹೆಚ್ಚಾಗಿ ಇಂಗಾಲದ ಎಳೆಗಳಿಂದ ಮಾಡಿರುವುದರಿಂದ ಅವು ಹೆಚ್ಚು ಬಿಗಿತ ತಾಳುತ್ತವೆ. ಅವುಗಳ ಒಳ ಎತ್ತರ 6 ಸಾವಿರ ಅಡಿ, ಮುಳ್ಳಯ್ಯನಗಿರಿಯ ತುದಿಗಿಂತ ಕೊಂಚ ಕೆಳಗೆ. ಅವುಗಳಲ್ಲಿ ಬೆಂಗಳೂರಿನಿಂದ ಹಾರಿದರೆ 200 ಬರೀ 225 ಆಗುತ್ತದೆ. ಟಿಕೆಟ್ ಕೊಳ್ಳುವಾಗ ಯಾವ ವಿಮಾನವೆಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಹೊಟ್ಟೆ ಸೂಕ್ಷ್ಮದವರು ಊಟದ ಮೆನುಗಿಂತ ಅದನ್ನು ಮೊದಲು ಓದುವುದು ಒಳ್ಳೆಯದು.

ಎಪ್ಪತ್ತು ಮಿಲಿಲೀಟರ್ ಹೆಚ್ಚಾದರೆ ಅಷ್ಟು ಕಷ್ಟವೇ? ಕರುಳಿನ ತುಂಬ ಹರಡಿಕೊಂಡಿದ್ದರೆ ಗೊತ್ತೂ ಆಗದು. ಕಷ್ಟವಿರುವುದು ಮೂಲೆಗಳಲ್ಲಿ. ದೊಡ್ಡ ಕರುಳು ಬಲಕ್ಕೆ ಮೇಲೇರಿ, ಅಡ್ಡ ಹಾದು, ಎಡಪಕ್ಕೆಯ ಕೆಳಗೆ ತಟ್ಟನೆ ತಿರುಗಿ ಕೆಳಗಿಳಿಯುತ್ತದೆ. ಕೂತವರಲ್ಲಿ ಆ ಎಡತಿರುವೇ ಎಲ್ಲಕ್ಕಿಂತ ಎತ್ತರದ ಜಾಗ, ಗಾಳಿ ಹೋಗಿ ತಂಗುವುದೂ ಅಲ್ಲೇ. ಸಾಲದ್ದಕ್ಕೆ ಕೆಲವರ ಕರುಳಿನ ನರಗಳು ಸಣ್ಣ ಎಳೆತಕ್ಕೂ ಕೂಗೆಬ್ಬಿಸುತ್ತವೆ. ಒಂದೇ ಅಳತೆಯ ಗಾಳಿಗೆ ಒಬ್ಬರು ಗೊರಕೆ ಹೊಡೆಯುತ್ತಿರುತ್ತಾರೆ, ಪಕ್ಕದವರು ಗಗನಸಖಿಯನ್ನು ಕರೆದು ಬಿಸಿನೀರು ಕೇಳುತ್ತಿರುತ್ತಾರೆ.

ಆ ಗಾಳಿ ಯಾವ ಊಟದ್ದು?

ಈಗ ಅಪವಾದದ ಮೂಲಕ್ಕೆ ಬರೋಣ. ಕರುಳಿನಲ್ಲಿರುವ ಗಾಳಿಗೆ ಮೂರು ಮೂಲ. ನುಂಗಿದ ಗಾಳಿ ಒಂದು. ಜಠರದ ಆಮ್ಲ ಮುಂದೆ ಸಣ್ಣ ಕರುಳಿನ ಕ್ಷಾರದೊಡನೆ ಸೇರಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಇನ್ನೊಂದು, ಅದರಲ್ಲಿ ಹೆಚ್ಚಿನದನ್ನು ರಕ್ತ ಹೀರಿಕೊಂಡುಬಿಡುತ್ತದೆ. ಮೂರನೆಯದೇ ದೊಡ್ಡ ಕಾರ್ಖಾನೆ: ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು.

ಕಡಲೆ, ಅವರೆ, ಅಲಸಂದೆ, ರಾಜ್ಮಾಗಳಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಅರಗದೆ, ತಮ್ಮ ಪಾಡಿಗೆ ತಾವು ಸಾಗಿ ದೊಡ್ಡ ಕರುಳು ಸೇರುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆ ಕಿಣ್ವವಿದೆ. ಹಬ್ಬದೂಟ ಸಿಕ್ಕಂತೆ ಅವು ಮುಗಿಬಿದ್ದು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹೊರಬಿಡುತ್ತವೆ. ಇವಕ್ಕೆ ವಾಸನೆಯಿಲ್ಲ. ವಾಸನೆಯ ಕೀರ್ತಿಯೆಲ್ಲ ತೀರಾ ಕಡಿಮೆ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳಿಗೆ ಸೇರಬೇಕು.

ಇಲ್ಲಿ ಮುಖ್ಯವಾದದ್ದು ಸಮಯ. ತಿಂದದ್ದು ಜಠರ ಬಿಟ್ಟು, ಸಣ್ಣ ಕರುಳಿನ ಉದ್ದಕ್ಕೂ ಹಾದು, ದೊಡ್ಡ ಕರುಳಿನ ಬಾಗಿಲಿಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಇದನ್ನು ಅಳೆಯಲು ವೈದ್ಯರ ಬಳಿ ಒಂದು ಜಾಣ ಉಪಾಯವಿದೆ. ನಮ್ಮ ದೇಹದ ಜೀವಕೋಶಗಳು ಹೈಡ್ರೋಜನ್ ಅನಿಲ ತಯಾರಿಸುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ ತಯಾರಿಸುತ್ತವೆ. ಅದರಲ್ಲೊಂದಿಷ್ಟು ರಕ್ತಕ್ಕಿಳಿದು, ಶ್ವಾಸಕೋಶ ಸೇರಿ, ಉಸಿರಲ್ಲಿ ಹೊರಬರುತ್ತದೆ. ಅರಗದ ಸಕ್ಕರೆ ಕೊಟ್ಟು ಆಗಾಗ ಒಂದು ಚೀಲಕ್ಕೆ ಉಸಿರು ಊದಿಸಿಕೊಂಡರೆ, ಹೈಡ್ರೋಜನ್ ಯಾವ ಗಳಿಗೆಯಲ್ಲಿ ಏರತೊಡಗಿತೋ ಆಗ ಆ ಸಕ್ಕರೆ ದೊಡ್ಡ ಕರುಳು ತಲುಪಿತು ಎಂದರ್ಥ. ಬರೀ ನೀರಿನಲ್ಲಿ ಕದಡಿ ಕುಡಿಸಿದ ಸಕ್ಕರೆ ಬೇಗ ತಲುಪುತ್ತದೆ, ಊಟದ ಜೊತೆ ಸೇರಿದ ಕಾಳು ತಡವಾಗಿ.

ಇದನ್ನು ಬೆಂಗಳೂರಿನ ಮಧ್ಯರಾತ್ರಿಯ ಹಾರಾಟಕ್ಕೆ ಹೊಂದಿಸಿ ನೋಡಿ. ಯುರೋಪಿಗೂ ಕೊಲ್ಲಿ ದೇಶಗಳಿಗೂ ಇಲ್ಲಿಂದ ಅಪರಾತ್ರಿಯಲ್ಲಿ, ಕೋಳಿ ಕೂಗುವ ಮುಂಚೆ ಹೊರಡುವ ವಿಮಾನಗಳು ಬಹಳ. ಎರಡು ಗಂಟೆಗೆ ವಿಮಾನ ಎಂದರೆ ಒಂಬತ್ತು ಗಂಟೆಗೆ ಮನೆ ಬಿಡಬೇಕು. ಮಗ ಹೊರಟಿದ್ದಾನೆಂದು, ಅದೂ ಸೊಗಡವರೆಯ ಕಾಲವಾದರೆ, ಮನೆಯಲ್ಲಿ ಹಿದಕಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ‘ಅಲ್ಲಿ ಇವೆಲ್ಲ ಎಲ್ಲಿ ಸಿಗುತ್ತೆ, ಇನ್ನೊಂದು ಸೌಟು ಹಾಕಿಸ್ಕೋ’ ಎಂಬ ಅಮ್ಮನ ಒತ್ತಾಯ. ಸಂಜೆ ಏಳೂವರೆಗೆ ಉಂಡ ಅವರೆ ಹನ್ನೊಂದೂವರೆಯಿಂದ ಒಂದೂವರೆಯ ನಡುವೆ ದೊಡ್ಡ ಕರುಳು ಸೇರುತ್ತದೆ. ಕಾರ್ಖಾನೆ ಶುರುವಾಗುವುದಕ್ಕೂ ವಿಮಾನ ಚಕ್ರ ಮಡಚಿಕೊಳ್ಳುವುದಕ್ಕೂ ಸರಿಹೋಗುತ್ತದೆ. ರಾತ್ರಿ ಹನ್ನೆರಡಕ್ಕೆ ಏರ್‌ಪೋರ್ಟಿನಲ್ಲಿ ತಿಂದ ದೋಸೆ ಆಗ ಜಠರದಲ್ಲಿ ತನ್ನ ಸರದಿಗಾಗಿ ಕಾಯುತ್ತಿರುತ್ತದೆ. ಬೈಗುಳ ಮಾತ್ರ ಅದಕ್ಕೆ. ಅಮ್ಮನ ಸಾರನ್ನು ಬೈಯಲು ಯಾರಿಗೂ ಬಾಯಿ ಬರುವುದಿಲ್ಲ.

ಮಂಗಳೂರಿನಿಂದ ದುಬೈಗೆ ಹೋಗುವವರ ಲೆಕ್ಕ ಇನ್ನೂ ಸ್ಪಷ್ಟ. ಆ ಹಾರಾಟ ನಾಲ್ಕು ಗಂಟೆಯ ಆಚೀಚೆ. ಹತ್ತುವ ಮುಂಚೆ ಏರ್‌ಪೋರ್ಟಿನಲ್ಲಿ ಏನೇ ಕಾಳು ತಿಂದರೂ ಅದರ ಹೆಚ್ಚಿನ ಗಲಾಟೆ ದುಬೈಯಲ್ಲಿ ಇಳಿದ ಮೇಲೆ. ಮೇಲೆ ಹಾರುವಾಗ ಕಾಡುವುದು ಮನೆಯಲ್ಲಿ ಬೆಳಗ್ಗೆ ಉಂಡ ಕಡ್ಲೆ ಮನೋಳಿ.

ಹಾಗಂತ ದೂರದ ಪಯಣಿಗರು ಏರ್‌ಪೋರ್ಟ್ ಹೋಟೆಲಿನಲ್ಲಿ ಛೋಲೆ ಬಟೂರೆಗೆ ಕೈಹಾಕಬಹುದೆಂದು ಹೇಳುತ್ತಿಲ್ಲ. ಹತ್ತು ಗಂಟೆಯ ಹಾರಾಟದಲ್ಲಿ ಛೋಲೆಗೂ ಅದರ ಸರದಿ ಬರುತ್ತದೆ, ಐದಾರು ಗಂಟೆಯ ನಂತರ, ಎಲ್ಲರೂ ಮಲಗಿ ದೀಪ ಆರಿಸಿದಾಗ. ಇನ್ನೂ ಒಂದು ಮಾತು. ದೂರದ ವಿಮಾನಗಳು ಹೊರಡುವಾಗ ಇಂಧನದ ಭಾರಕ್ಕೆ ಪೂರ್ತಿ ಎತ್ತರಕ್ಕೆ ಏರುವುದಿಲ್ಲ. ಇಂಧನ ಸುಟ್ಟು ಹಗುರಾದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತವೆ. ಹಲವು ವಿಮಾನಗಳಲ್ಲಿ ಒಳ ಎತ್ತರವೂ ಅದರ ಜೊತೆ ಒಂದಿಷ್ಟು ಏರುತ್ತದೆ.

ಬಾಹ್ಯಾಕಾಶದ ಅಡುಗೆಮನೆ

ಈ ವಿಷಯವನ್ನು ಬರೀ ನಗೆಪಾಟಲು ಎಂದುಕೊಂಡವರಿಗೆ ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಹುಡುಗರ ಪಾಡು ಹೇಳಬೇಕು. ಆ ವಿಮಾನಗಳಲ್ಲಿ ಒತ್ತಡ ಕಾಯುವ ವ್ಯವಸ್ಥೆ ಬಹುಪಾಲು ಇರಲೇ ಇಲ್ಲ. ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿಕೊಂಡು ಹೊರಗಿನ ಗಾಳಿಯಲ್ಲೇ ಹಾರುತ್ತಿದ್ದರು. 30 ಸಾವಿರ ಅಡಿಯಲ್ಲಿ ಹೊಟ್ಟೆಯ ಗಾಳಿ ನಾಲ್ಕು ಪಟ್ಟಾಗುತ್ತದೆ. ಅದು ನೋವಲ್ಲ, ನರಳಾಟ. ಎತ್ತರದ ಹಾರಾಟಕ್ಕೆ ಮುಂಚೆ ಕಾಳು, ಕೋಸು, ಈರುಳ್ಳಿಯಂಥವನ್ನು ತಿನ್ನಬೇಡಿ ಎಂಬುದು ವಾಯುಪಡೆಗಳ ವೈದ್ಯರ ಗಂಭೀರ ಸಲಹೆಯಾಗಿತ್ತು.

1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಯೋಜನೆಗೆ ಇದರದ್ದೇ ಇನ್ನೊಂದು ಚಿಂತೆ. ಹೈಡ್ರೋಜನ್, ಮೀಥೇನ್ ಎರಡೂ ಉರಿಯುವ ಅನಿಲಗಳು, ಗಗನನೌಕೆಯೋ ಒಂದು ಮುಚ್ಚಿದ ಪುಟ್ಟ ಡಬ್ಬಿ. ಡೋರಿಸ್ ಕ್ಯಾಲೊವೇ ಮತ್ತು ಎಡ್ವಿನ್ ಮರ್ಫಿ ಎಂಬ ವಿಜ್ಞಾನಿಗಳು ಗಗನಯಾತ್ರಿಗಳಿಗೆಂದು ರೂಪಿಸಿದ ಆಹಾರವನ್ನು ಜನರಿಗೆ ತಿನ್ನಿಸಿ, ಅವರಿಂದ ಹೊರಟ ಹೈಡ್ರೋಜನ್ನನ್ನೂ ಮೀಥೇನನ್ನೂ ಅಳೆದು 1969ರಲ್ಲಿ ವರದಿ ಪ್ರಕಟಿಸಿದರು. ಒಂದೇ ಊಟಕ್ಕೆ ಒಬ್ಬೊಬ್ಬರ ಕರುಳು ಒಂದೊಂದು ರೀತಿ. ಈ ಅಳತೆ ತೆಗೆದವರ ಸಹನೆಗೆ ಮೆಚ್ಚಬೇಕು.

ಪ್ರಯಾಣಿಕರ ಪರವಾಗಿ ಮಾತಾಡಿದವರು ಡೆನ್ಮಾರ್ಕಿನ ವೈದ್ಯ ಜೇಕಬ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು. 2013ರಲ್ಲಿ ನ್ಯೂಜಿಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ತಾತ್ಪರ್ಯ ಇಷ್ಟೇ: ತಡೆಹಿಡಿಯಬೇಡಿ, ಬಿಟ್ಟುಬಿಡಿ. ವಾಸನೆ ಹೀರಲು ಸೀಟಿನ ದಿಂಬಿನಲ್ಲಿ ಇದ್ದಿಲಿನ ಪದರ ಇಡಬಹುದು ಎಂಬ ಸಲಹೆಯೂ ಅದರಲ್ಲಿತ್ತು. ನಕ್ಕು ಪಕ್ಕಕ್ಕಿಡುವ ಸಲಹೆಯೇನಲ್ಲ, ಹೊಗೆ ವಾಸನೆಗಳನ್ನು ಹೀರಲು ಇದ್ದಿಲನ್ನು ಬೇರೆ ಕಡೆ ಬಳಸುತ್ತಲೇ ಇದ್ದಾರೆ.

ಮೆನು ಮುಂದಿಟ್ಟುಕೊಂಡು

ಹಾಗಾದರೆ ಏರ್‌ಪೋರ್ಟಿನ ಹೋಟೆಲು ಪೂರ್ತಿ ನಿರ್ದೋಷಿಯೇ? ಎರಡು ತಪ್ಪುಗಳನ್ನು ಮಾತ್ರ ಅಲ್ಲಿ ಕೂತೇ ಮಾಡುತ್ತೇವೆ, ಅವೆರಡರ ಫಲವೂ ಮೇಲೇರುವಾಗಲೇ ಸಿಗುತ್ತದೆ.

ಮೊದಲನೆಯದು ಸೋಡಾ, ಕೋಲಾ. 300 ಮಿಲಿಲೀಟರ್ ಬಾಟಲಿಯೊಂದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾದರೆ ಸುಮಾರು ಒಂದು ಲೀಟರ್ ಜಾಗ ಹಿಡಿಯುತ್ತದೆ. ಲೋಟಕ್ಕೆ ಸುರಿಯುವಾಗ ಒಂದಿಷ್ಟು ಹೋಗುತ್ತದೆ, ತೇಗಾಗಿ ಒಂದಿಷ್ಟು, ರಕ್ತಕ್ಕೆ ಒಂದಿಷ್ಟು. ಆದರೂ ಕರುಳಿನಲ್ಲಿರುವ ಒಟ್ಟು ಗಾಳಿಯೇ ಒಂದು ಲೋಟ ಎಂಬುದನ್ನು ನೆನೆದರೆ ಇದು ಸಣ್ಣ ಸೇರ್ಪಡೆಯಲ್ಲ. ಕುಡಿದು ಅರ್ಧ ಗಂಟೆ ಅಡ್ಡಾಡಿ ವಿಮಾನ ಹತ್ತಿದರೆ ತೊಂದರೆ ಕಡಿಮೆ. ಗೇಟು ಮುಚ್ಚುವ ಹೊತ್ತಿಗೆ ಗಟಗಟ ಕುಡಿದು ಓಡುವುದೇ ಕೆಟ್ಟದ್ದು.

ಎರಡನೆಯದು ಗಾಬರಿ. ಪಕ್ಕದ ಮೇಜಿನವರನ್ನು ಒಮ್ಮೆ ಗಮನಿಸಿ. ತಟ್ಟೆ ಬರುವುದು ತಡವಾಗಿದೆ. ಗೋಡೆಯ ಪರದೆಯಲ್ಲಿ ತಮ್ಮ ವಿಮಾನದ ಎದುರು ‘ಬೋರ್ಡಿಂಗ್’ ಬಂದಿದೆ. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಬಿಲ್ ತರುವವನ ಮೇಲೆ. ದೋಸೆ ನಾಲ್ಕು ತುಂಡಾಗಿ ಬಾಯಿಗೆ ಹೋಗುತ್ತಿದೆ, ನಡುನಡುವೆ ಫೋನಿನಲ್ಲಿ ‘ಹೂಂ, ಪಾಸ್‌ಪೋರ್ಟ್ ಇದೆ, ಹೂಂ’. ಪ್ರತಿ ತುತ್ತಿನ ಜೊತೆಗೂ ಗಾಳಿ ಒಳಗಿಳಿಯುತ್ತದೆ, ಅವಸರ ಹೆಚ್ಚಾದಷ್ಟೂ ಹೆಚ್ಚು. ಅವರು ನುಂಗಿದ್ದು ದೇವನಹಳ್ಳಿಯ ಗಾಳಿ, ಅದು ಹಿಗ್ಗುವುದು ಆಕಾಶದಲ್ಲಿ.

ಏನು ತಿನ್ನಬೇಕೆಂದು ಕೇಳಿದರೆ ನನ್ನ ಮತ ಇಡ್ಲಿಗೆ. ಉದ್ದಿನಲ್ಲೂ ಆ ತಕರಾರಿನ ಸಕ್ಕರೆಗಳಿವೆ, ಆದರೆ ನೆನೆಹಾಕಿದ ನೀರಿನ ಜೊತೆ ಒಂದಿಷ್ಟು ಹೋಗಿರುತ್ತದೆ. ರಾತ್ರಿಯಿಡೀ ಹಿಟ್ಟು ಹುದುಗುವಾಗ ಅದರ ಸೂಕ್ಷ್ಮಜೀವಿಗಳು ಇನ್ನೊಂದಿಷ್ಟನ್ನು ಪಾತ್ರೆಯಲ್ಲೇ ತಿಂದು ಮುಗಿಸಿರುತ್ತವೆ. ಹಾಗೆ ಹುಟ್ಟಿದ ಅನಿಲದಿಂದಲೇ ಹಿಟ್ಟು ಉಬ್ಬಿದ್ದು, ಹೊಟ್ಟೆ ಉಬ್ಬಬೇಕಿಲ್ಲ. ಮೊಸರನ್ನವೂ ಇದೇ ಕಾರಣಕ್ಕೆ ವಾಸಿ. ನಮ್ಮಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸಲಾರದವರು ಬಹಳ ಮಂದಿ. ಮೊಸರಿನಲ್ಲಿ ಬ್ಯಾಕ್ಟೀರಿಯಾಗಳು ಆ ಕೆಲಸವನ್ನು ಅರ್ಧ ಮಾಡಿರುತ್ತವೆ, ಮಿಲ್ಕ್‌ಶೇಕಿನಲ್ಲಿ ಯಾರೂ ಮಾಡಿರುವುದಿಲ್ಲ. ಕರಿದದ್ದು, ತುಪ್ಪ ಸುರಿದದ್ದು ಅನಿಲ ಹುಟ್ಟಿಸುವುದಿಲ್ಲ, ಆದರೆ ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ. ತುಂಬಿದ ಹೊಟ್ಟೆಯ ಪಕ್ಕದಲ್ಲಿ ಗಾಳಿಗೂ ಜಾಗ ಇಕ್ಕಟ್ಟು.

ಕೆಳಗೇ ತಿನ್ನುವುದಕ್ಕೆ ರುಚಿಯ ಕಾರಣವೂ ಇದೆ. ವಿಮಾನದೊಳಗಿನ ಗಾಳಿ ಮರುಭೂಮಿಯಷ್ಟು ಒಣ, ಮೂಗು ಒಣಗಿದರೆ ಪರಿಮಳ ತಿಳಿಯುವುದಿಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ನೆಲದ ಮೇಲೇ ವಿಮಾನದ ತುಂಡೊಂದನ್ನಿಟ್ಟು, ಅದರೊಳಗಿನ ಒತ್ತಡ ಇಳಿಸಿ, ಜನರಿಗೆ ಊಟ ಬಡಿಸಿ ನೋಡಿದಾಗ ಉಪ್ಪು, ಸಿಹಿ ಎರಡೂ ಸಪ್ಪೆ ಎನಿಸಿದವು. ವಿಮಾನದಡುಗೆಯವರನ್ನು ಬೈಯುವ ಮುಂಚೆ ಇದನ್ನೂ ಗಮನದಲ್ಲಿಡಬೇಕು.

ಚೂಯಿಂಗ್ ಗಮ್, ಪೆಪ್ಪರ್‌ಮಿಂಟ್ ವಿಷಯದಲ್ಲಿ ಕಿವಿಗೂ ಹೊಟ್ಟೆಗೂ ಹಿತಾಸಕ್ತಿಯ ಘರ್ಷಣೆ. ನುಂಗಿದಾಗಲೆಲ್ಲ ಕಿವಿಯಿಂದ ಗಂಟಲಿಗಿರುವ ನಾಳ ತೆರೆದು ಕಿವಿನೋವು ತಪ್ಪುತ್ತದೆ, ಗಾಳಿಯೂ ಹೊಟ್ಟೆಗಿಳಿಯುತ್ತದೆ. ಸಕ್ಕರೆಯಿಲ್ಲದ ಗಮ್ಮಿನ ಸಾರ್ಬಿಟಾಲ್ ಕೂಡ ಸರಿಯಾಗಿ ಅರಗದೆ ಕಾಳಿನ ಸಕ್ಕರೆಯಂತೆ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ತೀರ್ಮಾನ ಸುಲಭ. ಏರುವಾಗ ಕಿವಿಯ ಗಾಳಿ ತಾನಾಗಿ ಹೊರಬರುತ್ತದೆ, ಗಮ್ ಬೇಕಿಲ್ಲ. ಇಳಿಯುವಾಗ ಕಿವಿಗೆ ಅದು ಬೇಕು, ಹೊಟ್ಟೆಯ ಗಾಳಿಯೂ ಆಗ ಕುಗ್ಗುತ್ತಿರುತ್ತದೆ. ಆಗ ಬಾಯಿಗೆ ಹಾಕಿಕೊಳ್ಳಿ.

ಹೊಟ್ಟೆಗಿಂತ ದೊಡ್ಡ ಅಪಾಯ

ಹಿಗ್ಗಲು ಜಾಗವಿದ್ದರೆ ಗಾಳಿ ಬರೀ ಕಿರಿಕಿರಿ. ಜಾಗವಿಲ್ಲದ ಕಡೆ ಅದು ಅಪಾಯ. ಕಣ್ಣಿನ ಅಕ್ಷಿಪಟಲ ಕಳಚಿದಾಗ ಶಸ್ತ್ರಚಿಕಿತ್ಸೆ ಮಾಡಿ, ಅದನ್ನು ಒತ್ತಿಹಿಡಿಯಲು ಕಣ್ಣೊಳಗೆ ಅನಿಲದ ಗುಳ್ಳೆ ಬಿಡುತ್ತಾರೆ. ಅದು ಕರಗಲು ವಾರಗಳು ಬೇಕಾಗಬಹುದು. ಅಷ್ಟರೊಳಗೆ ವಿಮಾನ ಹತ್ತಿದರೆ ಗುಳ್ಳೆ ಹಿಗ್ಗಿ, ಕಣ್ಣೊಳಗಿನ ಒತ್ತಡ ಏರಿ, ದೃಷ್ಟಿಯೇ ಹೋಗಬಹುದು. ಅಂಥವರಿಗೆ ವೈದ್ಯರು ವಿಮಾನವನ್ನಷ್ಟೇ ಅಲ್ಲ, ಬೆಟ್ಟದೂರುಗಳ ಪ್ರಯಾಣವನ್ನೂ ಬೇಡವೆನ್ನುತ್ತಾರೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹೊಸದಾಗಿ ಕೈಕಾಲಿಗೆ ಪೂರ್ತಿ ಪ್ಲಾಸ್ಟರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಟಿಕೆಟ್ ಮಾಡಿಸಬಾರದು. ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡ ಗಾಳಿಗೂ ಬಾಯ್ಲ್‌ನ ಲೆಕ್ಕವೇ.

ಉಲ್ಟಾ ಊರು

ಈ ಲೆಕ್ಕ ತಿರುಗುಮುರುಗಾಗುವ ಜಾಗವೂ ಭೂಮಿಯ ಮೇಲಿದೆ. ಬೊಲಿವಿಯಾದ ಲಾ ಪಾಜ್ ನಗರಕ್ಕೆ ಸೇರಿದ ಎಲ್ ಆಲ್ಟೊ ವಿಮಾನ ನಿಲ್ದಾಣ 4,061 ಮೀಟರ್ ಎತ್ತರದಲ್ಲಿದೆ, ಅಂದರೆ 13 ಸಾವಿರ ಅಡಿಗೂ ಮೇಲೆ. ವಿಮಾನದ ಒಳ ಎತ್ತರದ ಮಿತಿ 8 ಸಾವಿರ ಅಡಿ. ಹಾಗಾಗಿ ಅಲ್ಲಿಂದ ಹೊರಟ ವಿಮಾನ ಹೊರಗೆ ಮೇಲೇರುತ್ತಿದ್ದರೆ ಒಳಗೆ ಕೆಳಗಿಳಿಯುತ್ತಿರುತ್ತದೆ. ಒತ್ತಡ ಹೆಚ್ಚುತ್ತದೆ, ಉಸಿರು ಸಲೀಸಾಗುತ್ತದೆ, ಕಿವಿ ಇಳಿಯುವಾಗ ಕಟ್ಟುವಂತೆ ಏರುವಾಗಲೇ ಕಟ್ಟುತ್ತದೆ. ಏರ್‌ಪೋರ್ಟಿನ ಹೋಟೆಲಿನಲ್ಲಿ ಕೂತಾಗ 200 ಮಿಲಿಲೀಟರ್ ಇದ್ದ ಹೊಟ್ಟೆಯ ಗಾಳಿ ಒಳ ಎತ್ತರ 8 ಸಾವಿರ ಅಡಿಗೆ ಬರುವಷ್ಟರಲ್ಲಿ 160ಕ್ಕೆ ಇಳಿದಿರುತ್ತದೆ. ಆ ಹೋಟೆಲಿನವರಿಗೆ ಬೈಗುಳ ಸಿಗುವುದು ಊಟದ ಮೇಜಿನಲ್ಲೇ, ವಿಮಾನ ಹತ್ತಿದ ಮೇಲಲ್ಲ.